ಪಿತ್ತಕೋಶ ತೆಗೆಸಿದರೆ ಕ್ಯಾನ್ಸರ್ ಬರುತ್ತಾ? – ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಪಿತ್ತಕೋಶ, ಅಂದರೆ ಗಾಲ್ ಬ್ಲ್ಯಾಡರ್ ತೆಗೆಸಿಕೊಂಡವರು, ತೆಗೆಸಬೇಕಾದವರು, ತೆಗೆಸಿಕೊಂಡವರ ಮನೆಯವರು ಎಲ್ಲರಿಗೂ ಅದೇ ಭಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರ: ನನಗೆ 46 ವರ್ಷ. ಮೂರು ವರ್ಷದ ಹಿಂದೆ ಕಲ್ಲಾಗಿತ್ತು ಅಂತ ಪಿತ್ತಕೋಶ ತೆಗೆಸಿದೆ. ಈಗ ಆರಾಮಾಗಿದ್ದೇನೆ. ಆದರೆ ಮೊನ್ನೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಪಿತ್ತಕೋಶ ಇಲ್ಲದವರಿಗೆ ಕರುಳಿನ ಕ್ಯಾನ್ಸರ್ ಗ್ಯಾರಂಟಿ ಅನ್ನೋ ಹಾಗೆ ಹೇಳಿದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನಿಜಾನಾ ಡಾಕ್ಟ್ರೇ?

ಉ: ಗ್ಯಾರಂಟಿ ಅನ್ನೋದು ಶುದ್ಧ ಸುಳ್ಳು. ಆದರೆ ವಿಷಯ ಪೂರ್ತಿ ಗಾಳಿಮಾತೂ ಅಲ್ಲ. ಎಳೆಯಷ್ಟು ಇರುವುದನ್ನು ಹಗ್ಗ ಮಾಡಿ ತೋರಿಸಿದ್ದಾರೆ. ಆ ಎಳೆ ಏನು ಅಂತ ನೋಡೋಣ.

ಸ್ವೀಡನ್ನಿನಲ್ಲಿ ಆಸ್ಪತ್ರೆಗೆ ಸೇರಿದವರ ದಾಖಲೆಯೂ ಕ್ಯಾನ್ಸರ್ ಬಂದವರ ದಾಖಲೆಯೂ ಇಡೀ ದೇಶಕ್ಕೆ ಒಂದೇ ಕಡೆ ಇರುತ್ತವೆ. ಎರಡನ್ನೂ ತಾಳೆ ಹಾಕಿ ನೋಡಬಹುದು. 1965ರಿಂದ 1997ರವರೆಗೆ ಪಿತ್ತಕೋಶ ತೆಗೆಸಿಕೊಂಡ 2,78,460 ಜನರನ್ನು ಹಾಗೆ ಹಿಂಬಾಲಿಸಿದರು. ಫಲಿತಾಂಶ 2001ರಲ್ಲಿ ಬಂತು. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಇವರಲ್ಲಿ ಉಳಿದ ಜನರಿಗಿಂತ ಶೇ. 16ರಷ್ಟು ಜಾಸ್ತಿ ಇತ್ತು. ಸಣ್ಣ ಕರುಳಿನ ಕ್ಯಾನ್ಸರ್ ಶೇ. 77ರಷ್ಟು ಜಾಸ್ತಿ. ದೊಡ್ಡ ಕರುಳಿನ ಎಡಭಾಗದಲ್ಲಿ, ಗುದನಾಳದಲ್ಲಿ ಏನೂ ಹೆಚ್ಚಳ ಇಲ್ಲ. ಅದೇ ವರ್ಷ ಬಂದ ಇನ್ನೊಂದು ಸ್ವೀಡಿಷ್ ಅಧ್ಯಯನದಲ್ಲಿ ಅನ್ನನಾಳದ ಒಂದು ಬಗೆಯ ಕ್ಯಾನ್ಸರ್, ಅಡಿನೋಕಾರ್ಸಿನೋಮಾ ಅನ್ನೋದು, ಶೇ. 30ರಷ್ಟು ಹೆಚ್ಚು ಕಂಡಿತು. ಅನ್ನನಾಳದ್ದೇ ಇನ್ನೊಂದು ಬಗೆ, ಸ್ಕ್ವೇಮಸ್, ಹೆಚ್ಚಿರಲಿಲ್ಲ.

ವಿಡಿಯೋದವರಿಗೆ ಇಷ್ಟು ಸಾಕಾಯಿತು. ಶೇ. 77! ಕೇಳಿದವರಿಗೆ ಎದೆ ಝಲ್ ಅನ್ನದೆ ಇರುತ್ತಾ? ಆದರೆ ಯಾವುದರ ಮೇಲೆ ಶೇ. 77 ಅಂತ ಅವರು ಹೇಳುವುದೇ ಇಲ್ಲ. ಸಣ್ಣ ಕರುಳಿನ ಕ್ಯಾನ್ಸರ್ ಅಪರೂಪದಲ್ಲಿ ಅಪರೂಪ. ಜೀರ್ಣಾಂಗದ ಕ್ಯಾನ್ಸರುಗಳನ್ನೆಲ್ಲ ಒಟ್ಟಿಗೆ ಹಾಕಿದರೆ ಅದರಲ್ಲಿ ಇದರ ಪಾಲು ನೂರಕ್ಕೆ ಐದೂ ಆಗುವುದಿಲ್ಲ. ಅಷ್ಟು ಅಪರೂಪದ್ದು ಮುಕ್ಕಾಲು ಪಾಲು ಜಾಸ್ತಿಯಾದರೂ ಅಪರೂಪವಾಗಿಯೇ ಉಳಿಯುತ್ತದೆ.

ದೊಡ್ಡ ಕರುಳಿನ ಲೆಕ್ಕ ಮಾಡೋಣ, ಅದು ಮುಖ್ಯ. ಈ ಕ್ಯಾನ್ಸರ್ ಜಾಸ್ತಿ ಇರುವ ದೇಶಗಳಲ್ಲಿ, ಅಮೆರಿಕವನ್ನೇ ತಗೊಳ್ಳಿ, ಇಡೀ ಜೀವಮಾನದಲ್ಲಿ 100ರಲ್ಲಿ ಸುಮಾರು 4 ಜನರಿಗೆ ಇದು ಬರುತ್ತದೆ. 1000 ಜನರಲ್ಲಿ 40. ಅದರಲ್ಲಿ ಬಲಭಾಗದ್ದು ಒಂದು 15 ಅಂತಿಟ್ಟುಕೊಳ್ಳಿ. 15ರ ಮೇಲೆ ಶೇ. 16 ಅಂದರೆ ಎರಡು ಅಥವಾ ಮೂರು. ಅಂದರೆ ಸಾವಿರ ಜನರ ಪಿತ್ತಕೋಶ ತೆಗೆದು, ಅವರೆಲ್ಲ ಬದುಕಿರುವಷ್ಟು ಕಾಲ ಕಾದು ನೋಡಿದರೆ, ಹೆಚ್ಚಿಗೆ ಸಿಗುವುದು ಎರಡೋ ಮೂರೋ ಕೇಸು. ಈ ಕ್ಯಾನ್ಸರ್ ಕಡಿಮೆ ಇರುವ ಕಡೆ ಇನ್ನೂ ಕಡಿಮೆ. ನೀವು ನಿದ್ದೆ ಬಿಡಬೇಕಾದ ಸಂಖ್ಯೆ ಇದಲ್ಲ.

ಇನ್ನೊಂದು ಮಾತು. ಆ ಎರಡು ಮೂರು ಕೂಡ ಆಪರೇಷನ್ನಿನಿಂದಲೇ ಬಂದಿದ್ದು ಅಂತ ಯಾರೂ ಕೈಮೇಲೆ ಹೊಡೆದು ಹೇಳಲಾರರು. 1993ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ವಿಚಿತ್ರ ಕಂಡಿತು. ಕ್ಯಾನ್ಸರ್ ಬಂದವರನ್ನು ಕೂರಿಸಿಕೊಂಡು 'ನಿಮಗೆ ಹಿಂದೆ ಪಿತ್ತಕೋಶದ ಆಪರೇಷನ್ ಆಗಿತ್ತಾ' ಅಂತ ಹಿಮ್ಮುಖವಾಗಿ ಕೆದಕಿದ ಅಧ್ಯಯನಗಳಲ್ಲಿ ಅಪಾಯ ಶೇ. 34 ಜಾಸ್ತಿ. ಆಪರೇಷನ್ ಆದವರನ್ನು ಮುಂದಕ್ಕೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಹೆಚ್ಚಳವೇ ಇಲ್ಲ. ಎರಡನೇ ಬಗೆಯವೇ ಸಾಮಾನ್ಯವಾಗಿ ಹೆಚ್ಚು ನಂಬಿಕೆಗೆ ಅರ್ಹ. ಆಮೇಲೆ ಬಂದ ಸ್ವೀಡಿಷ್ ಅಧ್ಯಯನವೂ ಮುಂದಕ್ಕೆ ಹಿಂಬಾಲಿಸಿದ್ದೇ, ಅದರಲ್ಲಿ ಸ್ವಲ್ಪ ಹೆಚ್ಚಳ ಕಂಡಿತು ಅನ್ನೋದೂ ನಿಜ. ಆದ್ದರಿಂದ ಜಗಳ ಇನ್ನೂ ಮುಗಿದಿಲ್ಲ.

ಜಗಳದ ಮೂಲ ಏನು ಗೊತ್ತಾ? ಪಿತ್ತಕೋಶದಲ್ಲಿ ಕಲ್ಲು ಯಾರಿಗೆ ಜಾಸ್ತಿ ಆಗುತ್ತದೆ? ತೂಕ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಕೂತಲ್ಲೇ ಕೂರುವವರಿಗೆ. ಕರುಳಿನ ಕ್ಯಾನ್ಸರ್ ಯಾರಿಗೆ ಜಾಸ್ತಿ? ಅವರಿಗೇ. ಹೀಗಿರುವಾಗ ಎರಡೂ ಒಬ್ಬರಲ್ಲೇ ಕಂಡರೆ ಆಪರೇಷನ್ನನ್ನು ಬೈಯಬೇಕೋ ತೂಕವನ್ನು ಬೈಯಬೇಕೋ? ಆಸ್ಪತ್ರೆಯ ದಾಖಲೆಯಲ್ಲಿ ಆಪರೇಷನ್ ಹೆಸರು ಇರುತ್ತದೆ. ನೀವು ದಿನಾ ಎಷ್ಟು ನಡೆದಿರಿ, ಸಿಗರೇಟು ಸೇದಿದಿರಾ ಅನ್ನೋದು ಸಾಮಾನ್ಯವಾಗಿ ಇರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಬಲಭಾಗದ ಕರುಳಿನ ವಿಷಯದಲ್ಲಿ ಸಣ್ಣದೊಂದು ನಂಟು ಇರಬಹುದು. ಅದು ಯಾರ ಜೀವನದ ತೀರ್ಮಾನವನ್ನೂ ಬದಲಿಸುವಷ್ಟು ದೊಡ್ಡದಲ್ಲ. ನೀವು ಮಾಡಿಸಿಕೊಂಡಿದ್ದು ತಪ್ಪಲ್ಲ. ಆ ವಿಡಿಯೋ ಅಳಿಸಿ ಮಲಗಿ.

ಪ್ರ: ಪಿತ್ತಕೋಶಕ್ಕೂ ಕರುಳಿನ ಕ್ಯಾನ್ಸರಿಗೂ ಎಲ್ಲಿಂದೆಲ್ಲಿಯ ಸಂಬಂಧ? ನಾನು ಬಿ.ಎಸ್ಸಿ. ವಿದ್ಯಾರ್ಥಿ, ಸ್ವಲ್ಪ ವಿವರವಾಗಿ ಹೇಳಿ.

ಉ: ಒಳ್ಳೇ ಪ್ರಶ್ನೆ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಪಿತ್ತಕೋಶದಲ್ಲಲ್ಲ. ಪಿತ್ತಕೋಶ ಬರೀ ಸಣ್ಣ ಟ್ಯಾಂಕು, 30ರಿಂದ 50 ಮಿಲಿಲೀಟರ್ ಹಿಡಿಯುತ್ತದೆ. ರಸವನ್ನು ಗಟ್ಟಿಯಾಗಿಸಿ ಇಟ್ಟುಕೊಂಡು, ಕೊಬ್ಬಿನ ಊಟ ಕರುಳಿಗೆ ಇಳಿದಾಗ ಹಿಂಡಿ ಕೊಡುತ್ತದೆ. ಟ್ಯಾಂಕು ತೆಗೆದರೂ ನೀರು ಬರುವುದು ನಿಲ್ಲುವುದಿಲ್ಲ. ಹೊತ್ತು ಹೊತ್ತಿಗೆ ಬರುವ ಬದಲು ಹಗಲು ರಾತ್ರಿ ತೊಟ್ಟಿಕ್ಕುತ್ತಾ ಇರುತ್ತದೆ. (ಕುದುರೆಗೆ ಪಿತ್ತಕೋಶವೇ ಇಲ್ಲ, ಸುಮ್ನೆ ಹೇಳಿದೆ. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಸಲ ಮನುಷ್ಯನ ಪಿತ್ತಕೋಶ ತೆಗೆದಾಗಲೂ ಇಲ್ಲದೆ ಬದುಕಬಹುದು ಅನ್ನೋ ಧೈರ್ಯದ ಮೇಲೇ ತೆಗೆದದ್ದು.)

ಪಿತ್ತರಸದಲ್ಲಿ ಪಿತ್ತಾಮ್ಲಗಳು ಇರುತ್ತವೆ. ಇವುಗಳಲ್ಲಿ ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ವಾಪಸ್ ಲಿವರಿಗೆ ಕಳಿಸುತ್ತದೆ. ದಿನಕ್ಕೆ ಹಲವು ಸಲ ಈ ಸುತ್ತು ನಡೆಯುತ್ತದೆ. ಉಳಿದ ಚೂರುಪಾರು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲ, ಲಿಥೋಕೋಲಿಕ್ ಆಮ್ಲ ಎಂಬ ಬೇರೆ ರೂಪಕ್ಕೆ ಬದಲಿಸುತ್ತವೆ. ಡಿಆಕ್ಸಿಕೋಲಿಕ್ ಆಮ್ಲ ಸ್ವಲ್ಪ ತಂಟೆಕೋರ. ಲ್ಯಾಬಿನಲ್ಲಿ ಕರುಳಿನ ಜೀವಕೋಶಗಳ ಮೇಲೆ ಹಾಕಿದರೆ ಡಿಎನ್‌ಎಗೆ ಹಾನಿ ಮಾಡುತ್ತದೆ, ಪ್ರಾಣಿಗಳಲ್ಲಿ ಗೆಡ್ಡೆ ಬೆಳೆಯಲು ಒತ್ತಾಸೆ ಕೊಡುತ್ತದೆ. ಪಿತ್ತಕೋಶ ಇಲ್ಲದಿದ್ದರೆ ಸುತ್ತು ಜಾಸ್ತಿ, ಬ್ಯಾಕ್ಟೀರಿಯಾಗಳ ಕೈಗೆ ಸಿಗುವ ಅವಕಾಶವೂ ಜಾಸ್ತಿ. ಹಾಗಾಗಿ ದೊಡ್ಡ ಕರುಳಿನ ಮೊದಲ ನಿಲ್ದಾಣವಾದ ಬಲಭಾಗಕ್ಕೆ ಇದರ ಬಿಸಿ ಮೊದಲು ತಟ್ಟುತ್ತದೆ ಅನ್ನೋದು ಊಹೆ. ಸ್ವೀಡನ್ನಿನಲ್ಲಿ ಕಂಡಿದ್ದೂ ಇದೇ: ಪಿತ್ತರಸ ಬಂದು ಬೀಳುವ ಜಾಗದ ಹತ್ತಿರ ಹೆಚ್ಚು, ದೂರ ಹೋದ ಹಾಗೆ ಕಡಿಮೆ, ಕೊನೆಗೆ ಏನೂ ಇಲ್ಲ. ಅನ್ನನಾಳದ ಕಥೆಯಲ್ಲಿ ರಸ ಕೆಳಕ್ಕೆ ಹೋಗುವ ಬದಲು ಹೊಟ್ಟೆಗೆ, ಅಲ್ಲಿಂದ ಮೇಲಕ್ಕೆ ಉಕ್ಕುತ್ತದೆ.

ಊಹೆ ಚೆನ್ನಾಗಿ ಹೊಂದುತ್ತದೆ, ಅಲ್ವಾ? ಅದೇ ನನಗೆ ಸ್ವಲ್ಪ ಅನುಮಾನ ಕೂಡ. ವೈದ್ಯಕೀಯದಲ್ಲಿ ಚೆನ್ನಾಗಿ ಹೊಂದಿದ ಊಹೆಗಳು ಎಷ್ಟೋ ಸಲ ಆಮೇಲೆ ಬಿದ್ದುಹೋಗಿವೆ. ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯನ ಕರುಳಿನಲ್ಲಿ ಅಷ್ಟೇ ಜೋರಾಗಿ ನಡೆಯಬೇಕು ಅಂತಿಲ್ಲ.

ಪ್ರ: ನಮ್ಮ ತಂದೆಗೆ 64. ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ಪಿತ್ತಕೋಶ ತೆಗೆಸಿದೆವು. ಅವರಿಗೆ ಮನಸ್ಸಿರಲಿಲ್ಲ, ನಾನೇ ಒತ್ತಾಯ ಮಾಡಿದ್ದು. ನಾಲ್ಕು ತಿಂಗಳಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಆಪರೇಷನ್ ಮಾಡಿಸದೇ ಇದ್ದಿದ್ದರೆ?

ಉ: ಆಪರೇಷನ್ ಮಾಡಿಸದೇ ಇದ್ದಿದ್ದರೂ ಆ ಗೆಡ್ಡೆ ಅಲ್ಲೇ ಇರುತ್ತಿತ್ತು. ದೊಡ್ಡ ಕರುಳಿನ ಕ್ಯಾನ್ಸರ್ ನಾಲ್ಕು ತಿಂಗಳಲ್ಲಿ ಹುಟ್ಟುವ ವಸ್ತುವಲ್ಲ. ಸಾಮಾನ್ಯವಾಗಿ ಮೊದಲು ಸಣ್ಣ ಪಾಲಿಪ್, ಅಂದರೆ ಒಳಗೋಡೆಯ ಮೇಲೆ ಏಳುವ ಗಂಟು, ಆಗಿ ಶುರುವಾಗುತ್ತದೆ, ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ತಗೊಳ್ಳುತ್ತದೆ. ನಿಮ್ಮ ತಂದೆ ಆಪರೇಷನ್ ಟೇಬಲ್ ಮೇಲೆ ಮಲಗಿದ್ದಾಗಲೇ ಅದು ಒಳಗಿತ್ತು. ನಿಮ್ಮ ಒತ್ತಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ಆಸ್ಪತ್ರೆ ದಾಖಲೆಗಳನ್ನು ನೋಡಿ 2005ರಲ್ಲಿ ಬರೆದವರು ಇದನ್ನೇ ಎತ್ತಿ ತೋರಿಸಿದ್ದಾರೆ. ಪಿತ್ತಕೋಶ ತೆಗೆದ ಹೊಸತರಲ್ಲಿ ಕ್ಯಾನ್ಸರ್ ಸಂಖ್ಯೆ ಏರುತ್ತದೆ, ವರ್ಷಗಳು ಕಳೆದ ಹಾಗೆ ಆ ಏರಿಕೆ ಇಳಿದುಹೋಗುತ್ತದೆ. ಆಪರೇಷನ್ ಕಾರಣವಾಗಿದ್ದರೆ ಉಲ್ಟಾ ಆಗಬೇಕಿತ್ತು: ಮೊದಲು ಏನೂ ಇರಬಾರದು, ವರ್ಷ ಕಳೆದಷ್ಟೂ ಏರಬೇಕು. ಇಲ್ಲಿ ನಡೆಯುವುದು ಏನೆಂದರೆ, ಯಾವುದೋ ಗೆಡ್ಡೆಯಿಂದ ಹೊಟ್ಟೆ ನೋಯುತ್ತಿರುತ್ತದೆ, ಸ್ಕ್ಯಾನಿನಲ್ಲಿ ಕಲ್ಲು ಕಾಣುತ್ತದೆ, ಕಲ್ಲು ಅಷ್ಟು ಸಾಮಾನ್ಯವಾದ್ದರಿಂದ ತಪ್ಪೆಲ್ಲ ಕಲ್ಲಿನ ತಲೆಗೆ ಬೀಳುತ್ತದೆ, ಪಿತ್ತಕೋಶ ಹೊರಗೆ ಬರುತ್ತದೆ, ನೋವು ಮಾತ್ರ ಹಾಗೇ ಉಳಿಯುತ್ತದೆ.

ಬೇರೆ ಓದುಗರಿಗೆ ಒಂದು ಮಾತು. ವಯಸ್ಸಾದವರಿಗೆ ಕಲ್ಲಿನ ಆಪರೇಷನ್ ನಿಗದಿಯಾಗಿದ್ದು, ಜೊತೆಗೆ ತೂಕ ಇಳಿಯುತ್ತಿದ್ದರೆ, ರಕ್ತ ಕಡಿಮೆ ಇದ್ದರೆ, ಮಲದ ಅಭ್ಯಾಸ ಬದಲಾಗಿದ್ದರೆ 'ಇದೆಲ್ಲಾ ಕಲ್ಲಿನಿಂದಲೇನಾ ಡಾಕ್ಟ್ರೇ' ಅಂತ ಬಾಯಿಬಿಟ್ಟು ಕೇಳಿ. ಕಲ್ಲು ರಕ್ತಹೀನತೆ ತರುವುದಿಲ್ಲ. ಬಲಭಾಗದ ಕರುಳಿನ ಗೆಡ್ಡೆ ತರುತ್ತದೆ: ಕಣ್ಣಿಗೆ ಕಾಣದ ಹಾಗೆ ದಿನಾ ಚೂರು ಚೂರು ರಕ್ತ ಸೋರಿ, ಹಿಮೋಗ್ಲೋಬಿನ್ ಇಳಿಯುತ್ತಾ ಹೋಗುತ್ತದೆ.

ಪ್ರ: ನನ್ನ ಪಿತ್ತಕೋಶದಲ್ಲಿ 3 ಸೆಂ.ಮೀ.ಗಿಂತ ದೊಡ್ಡ ಕಲ್ಲಿದೆ. ಮೂರು ಸಲ ಜೋರು ನೋವು ಬಂದು ಆಸ್ಪತ್ರೆ ಸೇರಿದ್ದೆ. ತೆಗೆಸಿ ಅಂತಾರೆ. ಆದರೆ ತೆಗೆಸಿದರೆ ಕ್ಯಾನ್ಸರ್ ಅಂತ ಕೇಳಿ ಹಿಂದೇಟು ಹಾಕುತ್ತಿದ್ದೇನೆ. ಎಣ್ಣೆ, ನಿಂಬೆರಸ ಕುಡಿದರೆ ಕಲ್ಲು ಬಿದ್ದುಹೋಗುತ್ತದಂತೆ. ಸ್ನೇಹಿತರೊಬ್ಬರಿಗೆ ಹಸಿರು ಕಲ್ಲುಗಳು ರಾಶಿ ಬಿದ್ದವಂತೆ.

ಉ: ನೀವು ಭಯವನ್ನು ತಿರುಗಾಮುರುಗಾ ಹಿಡಿದಿದ್ದೀರಿ. ತೆಗೆಸಿದರೆ ಇರಬಹುದಾದ ಅಪಾಯ ಎಷ್ಟು ಅಂತ ಮೇಲೆ ಲೆಕ್ಕ ಹಾಕಿದ್ದೇನೆ. ತೆಗೆಸದಿದ್ದರೆ ಇರುವ ಅಪಾಯದ ಹೆಸರು ಪಿತ್ತಕೋಶದ ಕ್ಯಾನ್ಸರ್. ಅದಕ್ಕೆ ಅತಿ ದೊಡ್ಡ ಕಾರಣಗಳಲ್ಲಿ ಕಲ್ಲೇ ಮೊದಲನೆಯದು. 3 ಸೆಂ.ಮೀ. ದಾಟಿದ ಕಲ್ಲಿದ್ದವರಲ್ಲಿ ಈ ಅಪಾಯ 1 ಸೆಂ.ಮೀ.ಗಿಂತ ಚಿಕ್ಕ ಕಲ್ಲಿದ್ದವರ ಸುಮಾರು ಹತ್ತುಪಟ್ಟು. ಹೆದರಬೇಡಿ, ಕಲ್ಲಿರುವ ಬಹುಪಾಲು ಜನರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಬಂದರೆ ಬಲು ಕೆಟ್ಟದ್ದು, ತಡವಾಗಿಯೇ ಗೊತ್ತಾಗುತ್ತದೆ. ಈ ಕ್ಯಾನ್ಸರ್ ತುಂಬಾ ಇರುವ ಚಿಲಿ ದೇಶದಲ್ಲಿ 35ರಿಂದ 49 ವರ್ಷದೊಳಗಿನ, ಕಲ್ಲಿನಿಂದ ತೊಂದರೆ ಪಡುವವರಿಗೆ ಪಿತ್ತಕೋಶ ತೆಗೆಯುವುದನ್ನು ಸರ್ಕಾರವೇ ಕ್ಯಾನ್ಸರ್ ತಡೆಯುವ ಕ್ರಮವಾಗಿ ಖಾತ್ರಿಪಡಿಸಿದೆ. ಕ್ಯಾನ್ಸರಿಗೆ ಹೆದರಿ ನೀವು ಬಿಡುತ್ತಿರುವ ಆಪರೇಷನ್ನನ್ನು ಅಲ್ಲಿ ಕ್ಯಾನ್ಸರಿಗೆ ಹೆದರಿಯೇ ಮಾಡುತ್ತಾರೆ.

ಕ್ಯಾನ್ಸರ್ ಬಿಡಿ. ಮೂರು ಸಲ ನೋವು ಬಂದಿದೆ ಅಂದರೆ ನಾಲ್ಕನೆಯದೂ ಬರುವ ಸಾಧ್ಯತೆ ಜಾಸ್ತಿ. ಕೀವಾಗಬಹುದು. ಜೊತೆಗೆ ಸಣ್ಣ ಕಲ್ಲುಗಳಿದ್ದರೆ ಜಾರಿ ಪಿತ್ತನಾಳದಲ್ಲಿ ಸಿಕ್ಕಿ ಕಾಮಾಲೆ ಆಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆ ಊತ ಜೋರಾದರೆ ಜೀವಕ್ಕೇ ಸಂಚಕಾರ.

ಎಣ್ಣೆ ಕಥೆ ಹಳೇದು. ಎಣ್ಣೆ, ನಿಂಬೆರಸ ಸೇರಿ ಹೊಟ್ಟೆಯೊಳಗಿನ ರಸಗಳ ಜೊತೆ ಕಲೆತು ಸಾಬೂನಿನಂಥ ಮೆತ್ತನೆ ಉಂಡೆಗಳಾಗುತ್ತವೆ. ಹೊರಗೆ ಬೀಳುವ 'ಹಸಿರು ಕಲ್ಲು' ಅವೇ. ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ನೇಹಿತರಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಲು ಹೇಳಿ, ಕಲ್ಲು ಬಹುಶಃ ಇದ್ದ ಜಾಗದಲ್ಲೇ ಕೂತಿರುತ್ತದೆ. ಕರಗಿಸುವ ಮಾತ್ರೆ ಒಂದಿದೆ, ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಅದು ಕೆಲಸ ಮಾಡುವುದು ಸಣ್ಣ ಕೊಲೆಸ್ಟ್ರಾಲ್ ಕಲ್ಲಿನ ಮೇಲೆ. ನಿಮ್ಮ ಗಾತ್ರಕ್ಕೆ ಪ್ರಯೋಜನವಿಲ್ಲ. ತೆಗೆಸಿಬಿಡಿ.

ಪ್ರ: ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ನನಗೆ ಸಣ್ಣ ಕಲ್ಲು ಇದೆ ಅಂತ ಗೊತ್ತಾಯಿತು. ಒಂದು ದಿನವೂ ನೋವಿಲ್ಲ. ಮುಂದೆ ಕ್ಯಾನ್ಸರ್ ಬೇಡ ಅಂತ ಈಗಲೇ ತೆಗೆಸಲೇ?

ಉ: ಬೇಡ. ತೊಂದರೆ ಕೊಡದ ಕಲ್ಲನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಹಳ ಜನರಿಗೆ ಅದು ಜೀವನಪೂರ್ತಿ ಸುಮ್ಮನೆ ಬಿದ್ದಿರುತ್ತದೆ. ಕಲ್ಲು ತುಂಬಾ ದೊಡ್ಡದಿದ್ದರೆ, 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಇದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಮಾತು ಬೇರೆ. ಆಗ ಸರ್ಜನ್ ಹತ್ತಿರ ಕೂತು ಮಾತಾಡಬೇಕು.

ಪ್ರ: ಆಪರೇಷನ್ ಆಗಿ ಎರಡು ತಿಂಗಳಾಯಿತು. ಹೊಲಿಗೆ ತೆಗೆಸಲು ಹೋದಾಗ ಎಲ್ಲಾ ಸರಿ ಇದೆ ಅಂದರು. ಬಯಾಪ್ಸಿ ರಿಪೋರ್ಟ್ ಅಂತ ಏನೋ ಇರುತ್ತದಂತೆ, ನಾವು ತಗೊಂಡಿಲ್ಲ. ಬೇಕಾ?

ಉ: ಬೇಕು. ಇವತ್ತೇ ಹೋಗಿ ತಗೊಳ್ಳಿ. ಈ ಸಂಚಿಕೆಯಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು, ಕೇಳಿದವರು ಮಾತ್ರ ನೀವೊಬ್ಬರೇ.

ತೆಗೆದ ಪಿತ್ತಕೋಶವನ್ನು ಫಾರ್ಮಲಿನ್ ಡಬ್ಬಿಯಲ್ಲಿ ಹಾಕಿ ಪೆಥಾಲಜಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಬಿಚ್ಚಿ, ಗೋಡೆಯ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಕಲ್ಲಿಗೆ ಅಂತ ತೆಗೆದ ಪಿತ್ತಕೋಶಗಳಲ್ಲಿ ಎಲ್ಲೋ ನೂರಕ್ಕೆ ಒಂದು, ಅಥವಾ ಅದಕ್ಕಿಂತ ಕಡಿಮೆ, ಯಾರೂ ಅಂದುಕೊಂಡಿರದ ಕ್ಯಾನ್ಸರ್ ಇರುತ್ತದೆ. ಸ್ಕ್ಯಾನಿನಲ್ಲಿ ಕಂಡಿರುವುದಿಲ್ಲ, ಸರ್ಜನ್ ಕಣ್ಣಿಗೂ ಬಿದ್ದಿರುವುದಿಲ್ಲ.

ರಿಪೋರ್ಟಿನಲ್ಲಿ ಕೊನೆಯ ಸಾಲು ನೋಡಿ. 'ಕ್ರಾನಿಕ್ ಕೋಲಿಸಿಸ್ಟೈಟಿಸ್' ಅಂತಿದ್ದರೆ ಹಳೇ ಉರಿಯೂತ, ಕಲ್ಲಿದ್ದವರಲ್ಲಿ ಇದ್ದೇ ಇರುತ್ತದೆ, ನಿಶ್ಚಿಂತೆಯಾಗಿರಿ. 'ಮೆಟಾಪ್ಲೇಸಿಯಾ' ಅಂತ ಇದ್ದರೂ ಗಾಬರಿ ಬೇಡ. 'ಡಿಸ್‌ಪ್ಲೇಸಿಯಾ' ಅಥವಾ 'ಕಾರ್ಸಿನೋಮಾ' ಅನ್ನೋ ಪದ ಇದ್ದರೆ ಅದೇ ದಿನ ಸರ್ಜನ್ ಹತ್ತಿರ ಹೋಗಿ. ಕ್ಯಾನ್ಸರ್ ತೀರಾ ಒಳಪದರದಲ್ಲೇ ನಿಂತಿದ್ದು ಅಂಚು ಚೊಕ್ಕವಾಗಿದ್ದರೆ ಆಗಿರುವ ಆಪರೇಷನ್ನೇ ಸಾಕು. ಗೋಡೆಯ ಸ್ನಾಯುವಿಗೆ ಇಳಿದಿದ್ದರೆ ಸಾಮಾನ್ಯವಾಗಿ ಇನ್ನೊಂದು ದೊಡ್ಡ ಆಪರೇಷನ್ ಬೇಕಾಗುತ್ತದೆ, ಅದರಲ್ಲಿ ಲಿವರಿನ ಸ್ವಲ್ಪ ಭಾಗ, ಅಕ್ಕಪಕ್ಕದ ಗ್ರಂಥಿಗಳನ್ನು ತೆಗೆಯುತ್ತಾರೆ. ಅದನ್ನು ಬೇಗ ಮಾಡಬೇಕು. ರಿಪೋರ್ಟ್ ಕೌಂಟರಿನಲ್ಲಿ ಧೂಳು ತಿನ್ನುತ್ತಾ ಕೂತರೆ ಆಗುವ ನಷ್ಟ, ಮೇಲೆ ಹೇಳಿದ ಶೇ. 16ಕ್ಕಿಂತ ಎಷ್ಟೋ ದೊಡ್ಡದು. ಬಹಳ ಹಿಂದೆ ಆಪರೇಷನ್ ಆದವರೂ ಮನೆಯ ಫೈಲ್ ಒಮ್ಮೆ ತೆಗೆದು ನೋಡಿ, ರಿಪೋರ್ಟ್ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೇಳಿ.

ಪ್ರ: ಪಿತ್ತಕೋಶ ತೆಗೆಸಿದ ಮೇಲೆ ಊಟವಾದ ತಕ್ಷಣ ಭೇದಿ. ಎರಡು ವರ್ಷದಿಂದ ಹೀಗೇ. ಇದು ಕ್ಯಾನ್ಸರಿಗೆ ತಿರುಗುತ್ತಾ?

ಉ: ಭೇದಿ ಕ್ಯಾನ್ಸರಿಗೆ ತಿರುಗುವುದಿಲ್ಲ. ಪಿತ್ತಾಮ್ಲ ಜಾಸ್ತಿ ಪ್ರಮಾಣದಲ್ಲಿ ದೊಡ್ಡ ಕರುಳಿಗೆ ಇಳಿದರೆ ಅದು ನೀರು ಬಿಡುತ್ತದೆ, ಅದೇ ಈ ಭೇದಿ. ಆಪರೇಷನ್ ಆದ ಕೆಲವರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ನಿಮ್ಮದು ಎರಡು ವರ್ಷ ಎಳೆದಿದೆ, ಸಹಿಸಿಕೊಂಡು ಕೂರುವ ಅಗತ್ಯವೇ ಇಲ್ಲ. ಪಿತ್ತಾಮ್ಲವನ್ನು ಹಿಡಿದಿಟ್ಟುಕೊಳ್ಳುವ ಕೊಲೆಸ್ಟಿರಮೈನ್ ಅನ್ನೋ ಪುಡಿ ಇದೆ, ಡಾಕ್ಟರ್ ಬರೆದುಕೊಟ್ಟರೆ ಬಹಳ ಜನರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೆ ಮಾತ್ರೆಗಳನ್ನು ಅದರ ಜೊತೆಗೆ ನುಂಗಬೇಡಿ, ಅವನ್ನೂ ಹಿಡಿದಿಟ್ಟುಕೊಂಡುಬಿಡುತ್ತದೆ. ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ಆಮೇಲೆ ತಗೊಳ್ಳಿ.

ನನಗೆ ಚಿಂತೆ ಇರುವುದು ಭೇದಿಯ ಬಗ್ಗೆ ಅಲ್ಲ, 'ಎರಡು ವರ್ಷದಿಂದ ಹೀಗೇ' ಅನ್ನೋ ಮಾತಿನ ಬಗ್ಗೆ. ಪಿತ್ತಕೋಶ ಇಲ್ಲದವರು ಹೊಟ್ಟೆಯ ಪ್ರತಿಯೊಂದು ತೊಂದರೆಗೂ 'ಅದು ಇಲ್ಲವಲ್ಲ, ಅದಕ್ಕೇ' ಅಂತ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ, ಮನೆಯವರೂ ತಲೆಯಾಡಿಸುತ್ತಾರೆ, ಕೆಲವು ಸಲ ಡಾಕ್ಟರೂ. ಮಲದಲ್ಲಿ ರಕ್ತ ಬಂದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗುವಾಗ ಸಿಕ್ಕಿಹಾಕಿಕೊಂಡ ಹಾಗಾದರೆ, ಭೇದಿ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕಣ್ಣು ಹಳದಿಯಾಗಿ ಮಲ ಬಿಳುಚಿಕೊಂಡರೆ, ಅದು ಪಿತ್ತಕೋಶ ಇಲ್ಲದ್ದಕ್ಕೆ ಅಂತ ಬಿಡಬೇಡಿ. ಕಣ್ಣು ಹಳದಿಯಾಗಲು ನಾಳದಲ್ಲಿ ಉಳಿದುಹೋದ ಕಲ್ಲೂ ಕಾರಣವಿರಬಹುದು, ಗೆಡ್ಡೆಯೂ ಇರಬಹುದು. ಎರಡಕ್ಕೂ ಆಸ್ಪತ್ರೆಗೆ ಹೋಗಲೇಬೇಕು.

ಪ್ರ: ಹಾಗಾದರೆ ಪಿತ್ತಕೋಶ ತೆಗೆಸಿದವರು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಬೇಕಾ? ಸಿಗರೇಟು, ಕುಡಿತ ಬಿಟ್ಟರೆ ಸಾಕಾ?

ಉ: ವರ್ಷಕ್ಕೊಮ್ಮೆ ಬೇಡ. ಪಿತ್ತಕೋಶ ತೆಗೆಸಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ವಿಶೇಷ ತಪಾಸಣೆ ಮಾಡಿ ಅಂತ ಪ್ರಮುಖ ಮಾರ್ಗಸೂಚಿಗಳು ಹೇಳುವುದಿಲ್ಲ. ಎಲ್ಲರಿಗೂ ಯಾವ ತಪಾಸಣೆಯೋ ನಿಮಗೂ ಅದೇ. ಅಮೆರಿಕದಲ್ಲಿ 2021ರಿಂದ 45ನೇ ವಯಸ್ಸಿಗೆ ಶುರು ಮಾಡಿ ಅನ್ನುತ್ತಾರೆ, ಬಹಳ ದೇಶಗಳಲ್ಲಿ 50ಕ್ಕೆ. ಕೊಲೊನೋಸ್ಕೋಪಿ ಸರಿ ಬಂದರೆ ಮತ್ತೆ ಹತ್ತು ವರ್ಷಕ್ಕೆ ಮಾಡಿಸಿದರೆ ಸಾಕು. ಅದು ಬೇಡವೆನಿಸಿದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಪತ್ತೆ ಹಚ್ಚುವ ಫಿಟ್ ಪರೀಕ್ಷೆ ಇದೆ, ಅದನ್ನು ವರ್ಷಕ್ಕೋ ಎರಡು ವರ್ಷಕ್ಕೋ ಮಾಡಿಸಬಹುದು. ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ 40ಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ.

ಸಿಗರೇಟು, ಕುಡಿತ ಬಿಡುವುದು ದೊಡ್ಡ ಕೆಲಸ, ಮಾಡಿ. ಅದರ ಜೊತೆ ತೂಕ ಇಳಿಸಿ, ದಿನಾ ನಡೆಯಿರಿ, ನಾರಿನಂಶ ಜಾಸ್ತಿ ತಿನ್ನಿ, ಸಂಸ್ಕರಿಸಿದ ಮಾಂಸ ಕಡಿಮೆ ಮಾಡಿ. ತೂಕವನ್ನು ಮಾತ್ರ ಒಂದೇ ಏಟಿಗೆ ಇಳಿಸಲು ಹೋಗಬೇಡಿ. ನಿಮ್ಮ ಪಿತ್ತಕೋಶ ಹೋಗಿದೆ, ಪರವಾಗಿಲ್ಲ. ಆದರೆ ಮನೆಯಲ್ಲಿ ಪಿತ್ತಕೋಶ ಇರುವ ಯಾರಾದರೂ ನಿಮ್ಮ ಜೊತೆ ಉಪವಾಸಕ್ಕೆ ಕೂತರೆ, ತೂಕ ದಿಢೀರ್ ಇಳಿದು ಅವರಿಗೆ ಹೊಸದಾಗಿ ಕಲ್ಲು ಕಟ್ಟಬಹುದು.